ಹಡಗಿನ ಊಟದ ಕೋಣೆಗೆ ಹೊರಟವರಿಗೆ

ಪುಣೆಯ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಓದುತ್ತ, ಕ್ರೂಸ್ ಹಡಗು ಹತ್ತಬೇಕೆಂದಿರುವ ಕನ್ನಡದ ತರುಣ ತರುಣಿಯರಿಗೊಂದು ಬಹಿರಂಗ ಪತ್ರ



ಪುಣೆಗೆ ಸಮುದ್ರವಿಲ್ಲ. ಆದರೂ ಹಡಗುಗಳಿಗೆ ಜನರನ್ನು ಕಳಿಸುವ ಊರುಗಳ ಸಾಲಿನಲ್ಲಿ ಪುಣೆಗೆ ಒಳ್ಳೆಯ ಜಾಗವಿದೆ. ತಳೇಗಾಂವ್ ಹತ್ತಿರದ ಇಂದೂರಿಯಲ್ಲಿ ತೋಲಾನಿ ಮ್ಯಾರಿಟೈಮ್ ಸಂಸ್ಥೆ, ಲೋಣಿ ಕಾಳಭೋರ್‌ನಲ್ಲಿ ಎಂಐಟಿಯ ಮ್ಯಾನೆಟ್ ಇವೆ. ಹಡಗು ನಡೆಸುವ ಅಧಿಕಾರಿಗಳು, ಎಂಜಿನಿಯರ್‌ಗಳು ಅಲ್ಲಿ ತಯಾರಾಗುತ್ತಾರೆ. ನಿಮ್ಮ ದಾರಿ ಬೇರೆ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಾರವಾರ, ಉಡುಪಿಗಳಿಂದ ಬಂದು ಈ ಊರಿನಲ್ಲಿ ಹೋಟೆಲ್ ವಿದ್ಯೆ ಕಲಿಯುತ್ತಿರುವ ನಿಮ್ಮ ಕಣ್ಣು ಹಡಗಿನ ಅಡುಗೆಮನೆಯ ಮೇಲೆ, ಊಟದ ಕೋಣೆಯ ಮೇಲೆ ನೆಟ್ಟಿದೆ. ಪ್ರವೇಶ ಪಡೆಯುವ ದಿನ ಕೈಗೆ ಸಿಗುವ ಬಣ್ಣದ ಪುಸ್ತಿಕೆಯಲ್ಲಿ ಬಿಳಿ ಹಡಗು, ನೀಲಿ ನೀರು, ಮಯಾಮಿಯ ಮರಳು ದಂಡೆ ಕಾಣುತ್ತವೆ. ರಾತ್ರಿ ಎಂಟಕ್ಕೆ ಕಾಲು ಗಂಟೆ ಇರುವಾಗ ಆ ಹಡಗಿನ ಮುಖ್ಯ ಊಟದ ಕೋಣೆ ಹೇಗಿರುತ್ತದೆ ಎಂಬುದು ಕಾಣುವುದಿಲ್ಲ. ಈ ಪತ್ರ ಬರೆದದ್ದು ಆ ಹೊತ್ತಿನ ಬಗ್ಗೆ ಹೇಳಲಿಕ್ಕೆ.

ಹಳೆಯ ಪದ್ಧತಿಯ ಹಡಗುಗಳಲ್ಲಿ ರಾತ್ರಿಯೂಟಕ್ಕೆ ಎರಡು ಪಂಕ್ತಿ. ಮೊದಲನೆಯದು ಸಂಜೆ ಆರರ ಆಸುಪಾಸು, ಎರಡನೆಯದು ಎಂಟರ ನಂತರ. ಮೊದಲ ಪಂಕ್ತಿಯವರು ಸಿಹಿ ಮುಗಿಸಿ ಹರಟುತ್ತ ಕೂತಿರುವಾಗಲೇ ಎರಡನೆಯ ಪಂಕ್ತಿಯವರು ಬಾಗಿಲ ಹೊರಗೆ ಸೇರತೊಡಗುತ್ತಾರೆ. ನಡುವಿನ ಅರ್ಧ ಗಂಟೆಯಲ್ಲಿ ಮೇಜುಬಟ್ಟೆ ಬದಲಾಗಬೇಕು, ಗಾಜಿನ ಲೋಟಗಳನ್ನು ಬೆಳಕಿಗೆ ಹಿಡಿದು ನೋಡಿ ಇಡಬೇಕು, ಮೂರು ಬಗೆಯ ಚಾಕು ಚಮಚಗಳು ತಂತಮ್ಮ ಜಾಗ ಸೇರಬೇಕು. ಒಬ್ಬ ವೇಟರ್, ಅವನಿಗೊಬ್ಬ ಸಹಾಯಕ. ಇಬ್ಬರ ಪಾಲಿಗೆ ಪಂಕ್ತಿಯೊಂದಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಅತಿಥಿಗಳು. ಮುಚ್ಚಳ ಹಾಕಿದ ತಟ್ಟೆಗಳನ್ನು ಒಂದರ ಮೇಲೊಂದು ಹತ್ತು ಹನ್ನೆರಡು ಪೇರಿಸಿ, ಟ್ರೇಯನ್ನು ಹೆಗಲ ಮೇಲಿಟ್ಟು, ತುಯ್ಯುವ ನೆಲದ ಮೇಲೆ ಗ್ಯಾಲಿಯಿಂದ, ಅಂದರೆ ಹಡಗಿನ ಅಡುಗೆಮನೆಯಿಂದ, ಮೇಜಿಗೆ ಬರಬೇಕು. ಗ್ಯಾಲಿಯ ಬಾಗಿಲು ಎರಡು, ಹೋಗಲು ಒಂದು, ಬರಲು ಒಂದು. ತಪ್ಪು ಬಾಗಿಲಿನಿಂದ ನುಗ್ಗಿದರೆ ಎದುರಿನವನ ತಲೆಯ ಮೇಲೆ ಸೂಪು.

ಇದೆಲ್ಲ ಮೈಯ ಕೆಲಸ, ತಿಂಗಳೊಪ್ಪತ್ತಿನಲ್ಲಿ ಕೈಗೆ ಹತ್ತುತ್ತದೆ. ಕಷ್ಟವಾದದ್ದು ಇನ್ನೊಂದು. ಏಳು ರಾತ್ರಿಯ ಯಾನದಲ್ಲಿ ಅದೇ ಅತಿಥಿಗಳು ಅದೇ ಮೇಜಿಗೆ ಬರುತ್ತಾರೆ. ಮೊದಲ ರಾತ್ರಿ ಒಬ್ಬಾಕೆ ನೀರಿಗೆ ಮಂಜುಗಡ್ಡೆ ಬೇಡವೆಂದದ್ದು, ಒಬ್ಬರು ಕಾಫಿಯನ್ನು ಸಿಹಿಯ ಜೊತೆಗೇ ಕೇಳಿದ್ದು, ಮಗು ಬರೀ ಪಾಸ್ತಾ ತಿಂದದ್ದು, ಇವು ಎರಡನೆಯ ರಾತ್ರಿ ಯಾರೂ ಕೇಳುವ ಮೊದಲೇ ಮೇಜಿನ ಮೇಲೆ ಬಂದಿರಬೇಕು. ಯಾನ ಮುಗಿದ ಮೇಲೆ ಪ್ರಯಾಣಿಕರು ವೇಟರ್‌ನ ಹೆಸರು ಹೇಳಿ ಹೊಗಳುವುದು ಇಂಥ ನೆನಪಿಗೆ. ನಗು ಎಲ್ಲ ವೇಟರ್‌ಗಳ ಮುಖದಲ್ಲೂ ಇರುತ್ತದೆ. ಗಮನ ಕೆಲವರಲ್ಲಿ ಮಾತ್ರ.

ಈ ಗಮನವನ್ನು ಎಲ್ಲಿ ಕಲಿಯುವುದು? ದೂರ ಹೋಗಬೇಕಿಲ್ಲ. ನಿಮ್ಮ ಕಾಲೇಜಿನಿಂದ ಒಂದು ರಿಕ್ಷಾ ಹಿಡಿದು ಫರ್ಗ್ಯುಸನ್ ಕಾಲೇಜು ರಸ್ತೆಗೆ ಹೋದರೆ ಸಾಕು. ಅಲ್ಲಿ ವೈಶಾಲಿ, ರೂಪಾಲಿ ಎಂಬ ಹೋಟೆಲುಗಳಿವೆ. ಇವನ್ನು ಕಟ್ಟಿದ ಜಗನ್ನಾಥ ಶೆಟ್ಟಿಯವರು ನಿಮ್ಮಲ್ಲಿ ಹಲವರ ಊರಿನ ಕಡೆಯವರು, ಕಾರ್ಕಳದ ಸೀಮೆಯಿಂದ ಬಂದವರು. ಮೀಸೆ ಮೂಡುವ ಮೊದಲೇ ಊರು ಬಿಟ್ಟು ಕಲ್ಯಾಣದಲ್ಲಿ ಬಂಧುಗಳ ಹೋಟೆಲಿನಲ್ಲಿ ಕೆಲಸಕ್ಕೆ ನಿಂತರು, 1949ರಲ್ಲಿ ಪುಣೆಗೆ ಬಂದರು. ಐವತ್ತರ ದಶಕದ ಆರಂಭದಲ್ಲಿ ಕೆಫೆ ಮದ್ರಾಸ್, ಮದ್ರಾಸ್ ಹೆಲ್ತ್ ಹೋಮ್ ಎಂಬ ಹೆಸರಿನಲ್ಲಿ ಶುರುವಾದವೇ ಮುಂದೆ ರೂಪಾಲಿ, ವೈಶಾಲಿಗಳಾದವು. 2023ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಪುಣೆಯ ಮರಾಠಿಗರು ತಮ್ಮ ಮನೆಯ ಹಿರಿಯರನ್ನು ಕಳೆದುಕೊಂಡಂತೆ ನೊಂದುಕೊಂಡರು. ಹೊರಗಿನಿಂದ ಬಂದ ಹೋಟೆಲಿನವರೊಬ್ಬರಿಗೆ ಈ ಊರು, ತನ್ನ ರುಚಿಯ ಬಗ್ಗೆ ಇಷ್ಟು ಬಿಗಿಯಾದ ಈ ಊರು, ಅಷ್ಟು ಸುಲಭವಾಗಿ ಒಲಿಯುವುದಿಲ್ಲ.

ರವಿವಾರ ಬೆಳಿಗ್ಗೆ ಅಲ್ಲಿ ಬಾಗಿಲ ಹೊರಗೆ ಹೆಸರು ಬರೆಸಿ ಕಾಯುವವರ ಗುಂಪು. ಒಳಗೆ ವೇಟರ್ ಒಬ್ಬನ ಹಿಂದೆ ಕಣ್ಣಿಟ್ಟು ಹತ್ತು ನಿಮಿಷ ನೋಡಿ. ಒಂದು ಮೇಜಿಗೆ ಎಸ್‌ಪಿಡಿಪಿ, ಅಂದರೆ ಸೇವ್ ಪೊಟ್ಯಾಟೊ ದಹಿ ಪುರಿ. ಅದೇ ಮೇಜಿನ ಅಜ್ಜನಿಗೆ ಇಡ್ಲಿ, ಸಾಂಬಾರು ಬೇರೆ ಬಟ್ಟಲಿನಲ್ಲಿ. ಪಕ್ಕದ ಮೇಜಿನ ಕಾಲೇಜು ಹುಡುಗರು ಒಂದು ಕೋಲ್ಡ್ ಕಾಫಿಗೆ ಎರಡು ಲೋಟ ಕೇಳುತ್ತಾರೆ. ಬಾಗಿಲ ಬಳಿ ಕಾಯುತ್ತಿರುವವರಲ್ಲಿ ಹಳೆಯ ಗಿರಾಕಿ ಯಾರೆಂಬುದೂ ಅವನಿಗೆ ಗೊತ್ತು. ಎಲ್ಲರಿಗೂ ಒಂದೇ ಮುಖ ತೋರಿಸುತ್ತಾನೆ, ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಇಟ್ಟಿರುತ್ತಾನೆ. ನಿಮ್ಮ ಪಠ್ಯಪುಸ್ತಕ ಇದಕ್ಕೆ ದೊಡ್ಡ ಹೆಸರು ಕೊಟ್ಟು ಒಂದು ಅಧ್ಯಾಯ ಬರೆದಿದೆ. ಆತ ಆ ಅಧ್ಯಾಯವನ್ನು ಕಾಲಿನಲ್ಲಿ, ಕಣ್ಣಿನಲ್ಲಿ ಕಲಿತವನು.

ಊಟದ ಇಷ್ಟಾನಿಷ್ಟಗಳ ವಿಷಯದಲ್ಲಂತೂ ಪುಣೆಯ ಉಡುಪಿ ಹೋಟೆಲಿಗಿಂತ ದೊಡ್ಡ ಪಾಠಶಾಲೆ ಸಿಗುವುದು ಕಷ್ಟ. ಇಲ್ಲಿನ ಗಿರಾಕಿ "ಜೈನ್" ಎಂದರೆ ಈರುಳ್ಳಿ ಬೆಳ್ಳುಳ್ಳಿಯಷ್ಟೇ ಅಲ್ಲ, ಆಲೂಗಡ್ಡೆ, ಗಜ್ಜರಿಯಂಥ ಗೆಡ್ಡೆಗಳೂ ಇರಬಾರದು. ಕೆಲವರು ಸೂರ್ಯ ಮುಳುಗುವ ಮೊದಲೇ ಉಣ್ಣಬೇಕು. ಏಕಾದಶಿಯ ದಿನ "ಉಪವಾಸ್" ಎಂದವರಿಗೆ ಸಾಬೂದಾಣೆ ಖಿಚಡಿ, ಶೇಂಗಾ, ಆಲೂಗಡ್ಡೆ ನಡೆಯುತ್ತದೆ, ಗೋಧಿ ಅಕ್ಕಿ ನಡೆಯುವುದಿಲ್ಲ. ಒಬ್ಬರಿಗೆ ನಿಷಿದ್ಧವಾದ ಆಲೂಗಡ್ಡೆಯೇ ಇನ್ನೊಬ್ಬರ ಉಪವಾಸಕ್ಕೆ ಆಧಾರ. ಇನ್ನು ಉಡುಪಿಯ ಅಡುಗೆಯವರ ಹಿನ್ನೆಲೆ ನೋಡಿ. ಮಾಧ್ವರ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಆಮೇಲೆ ಮೊಸರು ಬಿಡುವ ದಧಿವ್ರತ, ಹಾಲು ಬಿಡುವ ಕ್ಷೀರವ್ರತ, ಕೊನೆಗೆ ಬೇಳೆಕಾಳು ಬಿಡುವ ದ್ವಿದಳವ್ರತ. ಒಂದೊಂದು ತಿಂಗಳು ಒಂದೊಂದನ್ನು ಕಳೆದು, ಉಳಿದದ್ದರಲ್ಲಿ ರುಚಿ ಹೊಂದಿಸಿ ನೂರಾರು ಎಲೆ ಬಡಿಸಿದವರ ಪರಂಪರೆ ಅದು. ಅಂಥವರಿಗೆ ಗ್ಲುಟೆನ್ ಇಲ್ಲದ್ದು, ಹಾಲಿಲ್ಲದ್ದು, ವೀಗನ್, ಹಲಾಲ್, ಕೋಷರ್ ಎಂಬ ಹಡಗಿನ ಪಟ್ಟಿ ಅಪರಿಚಿತ ಲೋಕವೇನೂ ಅಲ್ಲ. ಹೆಸರು ಹೊಸದು, ಶಿಸ್ತು ಹಳೆಯದು.

ಈ ತಿಳಿವಳಿಕೆಗೆ ಸಮುದ್ರದ ಮೇಲೂ ಬೆಲೆ ಬಂದಿದೆ. ಮುಂಬಯಿಯಿಂದ 2021ರ ಸೆಪ್ಟೆಂಬರ್‌ನಲ್ಲಿ ಯಾನ ಆರಂಭಿಸಿದ ಕಾರ್ಡೇಲಿಯಾದ 'ಎಂಪ್ರೆಸ್' ಹಡಗನ್ನು ನೋಡಿ. 1990ರಲ್ಲಿ ಫ್ರಾನ್ಸಿನಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂದು ಕಟ್ಟಿದ, ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ಬಹುಕಾಲ ದುಡಿದ ಹಡಗು ಅದು. ಗೋವಾ, ಲಕ್ಷದ್ವೀಪ, ಕೊಚ್ಚಿಗಳಿಗೆ ಹೋಗುವ ಅದರಲ್ಲಿ ಜೈನ ಊಟ ಸಿಗುತ್ತದೆ. ಸಿಗಲೇಬೇಕು, ಇಲ್ಲವಾದರೆ ಪುಣೆ, ಮುಂಬಯಿ, ಅಹಮದಾಬಾದಿನ ಕುಟುಂಬಗಳು ಹತ್ತುವುದೇ ಇಲ್ಲ. ಹತ್ತಿದ ಮೇಲೂ ನಮ್ಮವರ ಬೇಡಿಕೆಗಳು ನಿಲ್ಲುವುದಿಲ್ಲ: ಕುಡಿಯಲು ಬಿಸಿನೀರು, ನಸುಕಿನಲ್ಲಿ ಹಾಲು ಹಾಕಿ ಕುದಿಸಿದ ಚಹಾ, ಊಟದ ಕೊನೆಗೆ ಒಂದು ಹಿಡಿ ಮೊಸರನ್ನ, ಉಪ್ಪಿನಕಾಯಿ. ಹತ್ತು ಬಗೆ ತಿಂದರೂ ಮೊಸರನ್ನ ಬೀಳದಿದ್ದರೆ ಊಟ ಮುಗಿದಂತಾಗದ ಹೊಟ್ಟೆಗಳು ಇವು. ವಿದೇಶಿ ಹಡಗುಗಳಲ್ಲೂ ಈಗ ಭಾರತೀಯ ಅಡುಗೆಯವರು ಬೇಕಷ್ಟಿದ್ದಾರೆ. ಹಿಂದಿನ ರಾತ್ರಿಯೇ ವೇಟರ್‌ಗೆ ಹೇಳಿಟ್ಟರೆ ಮರುದಿನ ದಾಲ್, ಪಲ್ಯ, ರೊಟ್ಟಿ ಬರುವುದುಂಟು. ಹೇಳಿದ್ದನ್ನು ಗ್ಯಾಲಿಯ ತನಕ ಸರಿಯಾಗಿ ಮುಟ್ಟಿಸುವ ಕೊಂಡಿ ನೀವು.

ಒಂದು ಕಡೆ ಮಾತ್ರ ಎಚ್ಚರ ತಪ್ಪಬಾರದು. ಇಷ್ಟವಿಲ್ಲ ಎಂಬುದಕ್ಕೂ ಆಗುವುದಿಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ಬದನೆಕಾಯಿ ಬೇಡ ಎಂದವರಿಗೆ ಬದನೆಕಾಯಿ ಹೋದರೆ ಒಂದು ಕ್ಷಮೆ ಕೇಳಿ ತಟ್ಟೆ ಬದಲಿಸಬಹುದು. ಶೇಂಗಾ ಅಲರ್ಜಿ ಇರುವವರಿಗೆ ಶೇಂಗಾ ತಾಗಿದ ಚಮಚ ಹೋದರೂ ಪ್ರಾಣಕ್ಕೆ ಕುತ್ತು. ಯುರೋಪಿನ ಕಾನೂನು 14 ಅಲರ್ಜಿಕಾರಕಗಳನ್ನು ಪಟ್ಟಿ ಮಾಡಿದೆ. ಅಮೆರಿಕ ತನ್ನ ಪಟ್ಟಿಗೆ 2023ರ ಜನವರಿಯಿಂದ ಎಳ್ಳನ್ನು ಒಂಬತ್ತನೆಯದಾಗಿ ಸೇರಿಸಿತು. ಶೇಂಗಾ ಚಟ್ನಿ, ಎಳ್ಳಿನ ಪುಡಿ ನಿತ್ಯ ತಿಂದು ಬೆಳೆದ ನಮ್ಮ ಕಡೆಯವರಿಗೆ ಇದು ಒಮ್ಮೆಗೇ ಮನಸ್ಸಿಗೆ ಇಳಿಯುವುದಿಲ್ಲ. "ಸ್ವಲ್ಪ ಇದ್ದರೆ ಏನಾಗುತ್ತದೆ" ಎಂಬ ನಮ್ಮ ಮನೆಮಾತನ್ನು ಬಂದರಿನಲ್ಲೇ ಬಿಟ್ಟು ಹತ್ತಿ. ಗೊತ್ತಿಲ್ಲದಿದ್ದರೆ ಅಡುಗೆಯವರನ್ನು ಕೇಳಿ ಬರುತ್ತೇನೆ ಎನ್ನುವುದರಲ್ಲಿ ಸಣ್ಣತನವೇನೂ ಇಲ್ಲ.

ಶುಚಿಯ ವಿಷಯವೂ ಅಷ್ಟೇ ಬಿಗಿ. ಅಮೆರಿಕದ ಬಂದರುಗಳಿಗೆ ಬರುವ ಪ್ರಯಾಣಿಕ ಹಡಗುಗಳನ್ನು ಅಲ್ಲಿನ ಸಿಡಿಸಿ, ಅಂದರೆ ರೋಗ ನಿಯಂತ್ರಣ ಕೇಂದ್ರ, ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡುತ್ತದೆ. ಎಪ್ಪತ್ತರ ದಶಕದಿಂದ ನಡೆದುಬಂದ ಪದ್ಧತಿ ಇದು. 100ಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಡಗು ನಪಾಸು, ಅಂಕಗಳು ಜಗತ್ತಿಗೇ ಕಾಣುವಂತೆ ಪ್ರಕಟವಾಗುತ್ತವೆ. ತಣ್ಣಗಿಡುವ ಆಹಾರ 5 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಬಿಸಿಯಾಗಿಡುವುದು 57 ಡಿಗ್ರಿಗಿಂತ ಇಳಿಯಬಾರದು. ತೊಳೆಯಲು, ಜಾಲಿಸಲು, ಕ್ರಿಮಿನಾಶಕಕ್ಕೆ ಬೇರೆ ಬೇರೆ ಬಣ್ಣದ ಬಕೆಟ್. ತಪಾಸಣೆ ಬರಬಹುದೆಂಬ ಗುಮಾನಿಯಿದ್ದ ದಿನ ಇಡೀ ಗ್ಯಾಲಿ ನಿದ್ದೆಗೆಟ್ಟಿರುತ್ತದೆ. ಮುಚ್ಚಿದ ಹಡಗಿನಲ್ಲಿ ನೊರೊವೈರಸ್ ಒಬ್ಬರ ಕೈಯಿಂದ ಬಲುಬೇಗ ಹಲವರಿಗೆ ಹರಡಬಲ್ಲದು, ಹಾಗಾಗಿ ಈ ಬಿಗಿಯನ್ನು ಕಿರುಕುಳವೆಂದು ತಿಳಿಯಬೇಡಿ.

ಇಷ್ಟರಲ್ಲಿ ಊಟದ ಪದ್ಧತಿಯೇ ಬದಲಾಗಿದೆ. ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿ 2000ದಲ್ಲಿ 'ಫ್ರೀಸ್ಟೈಲ್' ಎಂಬ ಕ್ರಮ ತಂದು ಗೊತ್ತಾದ ಮೇಜು, ಗೊತ್ತಾದ ಹೊತ್ತು ಎಂಬುದನ್ನು ಕೈಬಿಟ್ಟಿತು. ಬೇಕಾದಾಗ ಬನ್ನಿ, ಬೇಕಾದಲ್ಲಿ ಕೂರಿ. ಉಳಿದ ಕಂಪನಿಗಳಲ್ಲಿ ಹಲವು ಇಂಥ ಆಯ್ಕೆಯನ್ನೂ ಕೊಡತೊಡಗಿದವು. ಅತಿಥಿಗೆ ಸ್ವಾತಂತ್ರ್ಯ ಸಿಕ್ಕಿತು, ಆದರೆ ದಿನವೂ ಹೊಸ ಮುಖ ನೋಡುವ ವೇಟರ್‌ಗೆ ಇಷ್ಟಾನಿಷ್ಟ ಕಲಿಯಲು ಏಳು ರಾತ್ರಿ ಇದ್ದದ್ದು ಒಂದೂವರೆ ಗಂಟೆಗೆ ಇಳಿಯಿತು. ಗೊತ್ತಾದ ಮೇಜಿನ ಪದ್ಧತಿಯೇ ಮೇಲು ಎಂಬುದು ಈ ಪತ್ರದ ಅಭಿಪ್ರಾಯ. ಮುದುಕರು, ಒಂಟಿಯಾಗಿ ಬಂದವರು, ಪಥ್ಯದವರು ಅಲ್ಲಿ ಹೆಚ್ಚು ನೆಮ್ಮದಿಯಿಂದ ಉಣ್ಣುತ್ತಾರೆ. ನೀವು ಮಾತ್ರ ಎರಡಕ್ಕೂ ತಯಾರಿರಬೇಕು.

ಈಗ ಹಣದ ಮಾತು. ದೊಡ್ಡ ಅಮೆರಿಕನ್ ಕಂಪನಿಗಳು ಪ್ರಯಾಣಿಕರ ಖಾತೆಗೆ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಗ್ರಾಚ್ಯುಟಿ, ಅಂದರೆ ಬಕ್ಷೀಸು, ಹಾಕುತ್ತವೆ. ಅದು ಊಟದ ಕೋಣೆ, ಕ್ಯಾಬಿನ್, ತೆರೆಮರೆಯ ಕೆಲಸದವರ ನಡುವೆ ಹಂಚಿಹೋಗುತ್ತದೆ. ಹಲವು ಹಡಗುಗಳಲ್ಲಿ ಪ್ರಯಾಣಿಕರು ಕೌಂಟರಿಗೆ ಹೋಗಿ ಅದನ್ನು ತೆಗೆಸಿಹಾಕಲೂಬಹುದು. ನಮ್ಮವರಲ್ಲಿ ಕೆಲವರು ಹೀಗೆ ಉಳಿಸಿದ ಹಣವನ್ನು ಜಾಣತನವೆಂದು ಹೇಳಿಕೊಳ್ಳುತ್ತಾರೆ. ವಾರವಿಡೀ ಮೊಸರನ್ನ ಹುಡುಕಿ ತಂದುಕೊಟ್ಟ ಹುಡುಗನ ಸಂಬಳದಿಂದ ಆ ಹಣ ಹೋಯಿತೆಂದು ಅವರಿಗೆ ಯಾರಾದರೂ ಹೇಳಬೇಕು. ಜೊತೆಗೆ ಯಾನದ ಕೊನೆಗೆ ಪ್ರಯಾಣಿಕರು ತುಂಬುವ ಅಂಕಪತ್ರವಿದೆ. ಹಲವು ಕಂಪನಿಗಳಲ್ಲಿ ಮುಂದಿನ ಒಪ್ಪಂದ, ಬಡ್ತಿ ಅದನ್ನು ಅವಲಂಬಿಸಿವೆ. "ಚೆನ್ನಾಗಿತ್ತು" ಎಂಬ ಗುರುತು ಸಾಲದು, "ಅತ್ಯುತ್ತಮ" ಎಂದೇ ಇರಬೇಕು. ಅದಕ್ಕಾಗಿ ಕೊನೆಯ ರಾತ್ರಿ ಮೇಜಿನಿಂದ ಮೇಜಿಗೆ ಹೋಗಿ ಬೇಡುವ ಪರಿಸ್ಥಿತಿ ಬರುತ್ತದೆ, ಮತ್ತು ಅದು ಒಳ್ಳೆಯ ಪದ್ಧತಿಯಲ್ಲ.

ವೈಶಾಲಿಯ ವೇಟರ್ ರಾತ್ರಿ ತನ್ನ ಕೋಣೆಗೆ ಹೋಗುತ್ತಾನೆ. ನೀವು ಹೋಗುವುದು ಎರಡು ಮಾಳಿಗೆ ಕೆಳಗೆ. ನೀರಿನ ಮಟ್ಟದ ಆಸುಪಾಸಿನಲ್ಲಿ, ಕಿಟಕಿಯಿಲ್ಲದ, ಇಬ್ಬರಿಗೆ ಒಂದು ಎಂಬಂಥ ಕ್ಯಾಬಿನ್. ಅಲ್ಲಿಗೆ ಹೋಗುವ ಉದ್ದನೆಯ ಕಾರಿಡಾರನ್ನು ಎಷ್ಟೋ ಹಡಗುಗಳಲ್ಲಿ ಅಮೆರಿಕದ ಹೆದ್ದಾರಿಯ ಹೆಸರಿನಿಂದ 'ಐ-95' ಎನ್ನುತ್ತಾರೆ. ತಳ್ಳುಗಾಡಿ, ಲಾಂಡ್ರಿ ಮೂಟೆ, ತರಕಾರಿ ಪೆಟ್ಟಿಗೆ, ಐವತ್ತು ದೇಶಗಳ ಮಾತು, ಎಲ್ಲ ಅದೇ ದಾರಿಯಲ್ಲಿ. ಒಪ್ಪಂದ ಆರರಿಂದ ಒಂಬತ್ತು ತಿಂಗಳು. ವಾರದ ರಜೆ ಎಂಬುದಿಲ್ಲ. ಆದರೆ ವಿಶ್ರಾಂತಿ ಎಂಬುದು ಕಾನೂನಿನಲ್ಲಿದೆ. 2006ರ ಕಡಲ ಕಾರ್ಮಿಕ ಒಪ್ಪಂದ, ನಾವಿಕರ ಬಾಯಲ್ಲಿ ಎಂಎಲ್‌ಸಿ, 2013ರಿಂದ ಜಾರಿಯಲ್ಲಿದೆ, ಭಾರತ 2015ರಲ್ಲಿ ಅದನ್ನು ಒಪ್ಪಿಕೊಂಡಿತು. ಅದರ ಪ್ರಕಾರ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ಆ ಹತ್ತು ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಆರು ಗಂಟೆಗೆ ಕಡಿಮೆಯಿರುವಂತಿಲ್ಲ. ಗಂಟೆಗಳ ದಾಖಲೆಗೆ ನೀವು ಸಹಿ ಹಾಕುತ್ತೀರಿ. ನಿಜವಲ್ಲದ ಗಂಟೆಗಳಿಗೆ ಸಹಿ ಹಾಕಬೇಡಿ.

ಹಡಗಿನ ವೇಟರ್ ಬರೀ ವೇಟರ್ ಅಲ್ಲ ಎಂಬುದನ್ನೂ ನೆನಪಿಡಿ. 2012ರ ಜನವರಿ 13ರ ರಾತ್ರಿ ಒಂಬತ್ತೂ ಮುಕ್ಕಾಲಕ್ಕೆ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ ಪ್ರಯಾಣಿಕರಲ್ಲಿ ಹಲವರು ಊಟದ ಮೇಜಿನಲ್ಲಿದ್ದರು. ತಟ್ಟೆ ಲೋಟಗಳು ಜಾರಿ ಬೀಳುತ್ತಿದ್ದಾಗ ಅವರು ಮೊದಲು ಮುಖ ನೋಡಿದ್ದು ಬಡಿಸುತ್ತಿದ್ದವರದ್ದನ್ನು. ಸತ್ತ 32 ಜನರಲ್ಲಿ ಮುಂಬಯಿಯ ವೇಟರ್ ರಸೆಲ್ ರೆಬೆಲ್ಲೊ ಒಬ್ಬರು. ಅವರು ಪ್ರಯಾಣಿಕರನ್ನು ಪಾರುಮಾಡಲು ನೆರವಾಗುತ್ತಿದ್ದುದನ್ನು ನೋಡಿದವರಿದ್ದರು. ಅವರ ದೇಹ ಸಿಕ್ಕಿದ್ದು 2014ರ ನವೆಂಬರ್‌ನಲ್ಲಿ, ಎಲ್ಲರಿಗಿಂತ ಕೊನೆಗೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೋವಿಡ್‌ಗಾಗಿ ನಿಲ್ಲಿಸಿದಾಗ ಅದರಲ್ಲಿ 3,711 ಜನ. ಪ್ರಯಾಣಿಕರು ಕ್ಯಾಬಿನ್ನಿನೊಳಗೆ ಬಾಗಿಲು ಹಾಕಿಕೊಂಡಿದ್ದರು. ಮೂರು ಹೊತ್ತು ಆ ಬಾಗಿಲುಗಳಿಗೆ ಊಟ ಮುಟ್ಟಿಸಿದ ಸಿಬ್ಬಂದಿ ಮಾತ್ರ ಕೆಳಗೆ ಒಟ್ಟಿಗೇ ಉಂಡು ಒಟ್ಟಿಗೇ ಮಲಗುತ್ತಿದ್ದರು. ಅವರಲ್ಲಿ 132 ಮಂದಿ ಭಾರತೀಯರು, ಕಾರವಾರದ ತರುಣನೂ ಒಬ್ಬ. ತುರ್ತು ತರಬೇತಿಯ ದಿನಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಮೊಬೈಲು ನೋಡುವವರು ನಿಮ್ಮಲ್ಲಿದ್ದರೆ ಈ ಎರಡು ಹಡಗುಗಳ ಕತೆ ಓದಿ.

ಕಂಪನಿಯೇ ಮುಳುಗುವುದೂ ಉಂಟು. 2019ರ ಏಪ್ರಿಲ್‌ನಲ್ಲಿ ಮುಂಬಯಿಯಿಂದ ಸಡಗರದಿಂದ ಹೊರಟ ಜಲೇಶ್ ಕಂಪನಿಯ 'ಕರ್ಣಿಕಾ' ಹಡಗು ಮರುವರ್ಷದ ಕೋವಿಡ್‌ನಲ್ಲಿ ನಿಂತುಹೋಯಿತು. ಬಾಂಬೆ ಹೈಕೋರ್ಟಿನ ಆದೇಶದಂತೆ ಹರಾಜಾಗಿ, 2020 ಮುಗಿಯುವುದರೊಳಗೆ ಗುಜರಾತಿನ ಅಲಂಗ್ ದಂಡೆಯಲ್ಲಿ ಗುಜರಿಯ ದಾರಿ ಹಿಡಿಯಿತು. ಇಂಥ ಹೊತ್ತಿಗೆಂದೇ ಎಂಎಲ್‌ಸಿಗೆ 2017ರಿಂದ ಒಂದು ತಿದ್ದುಪಡಿ ಜಾರಿಯಾಗಿದೆ. ಮಾಲೀಕ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಮತ್ತು ಊರಿಗೆ ಮರಳುವ ಖರ್ಚು ವಿಮೆಯಿಂದ ಬರಬೇಕು. ಆ ವಿಮೆಯ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿರಬೇಕು. ಹತ್ತಿದ ಮೊದಲ ವಾರ ಮೆಸ್ಸಿನ ಪಕ್ಕದ ಫಲಕ ನೋಡಿ, ಮುಕ್ತಾಯದ ತಾರೀಕು ಬರೆದುಕೊಳ್ಳಿ.

ಹತ್ತುವ ಮೊದಲಿನ ಅಪಾಯ ಇದಕ್ಕಿಂತ ಹತ್ತಿರದ್ದು. ಹಡಗಿನ ಕೆಲಸ ಕೊಡಿಸುತ್ತೇನೆಂದು ಲಕ್ಷಗಟ್ಟಲೆ ಕೇಳುವ ದಲ್ಲಾಳಿಗಳು ಇದ್ದಾರೆ. ಅಪ್ಪ ಹೊಲ ಒತ್ತೆಯಿಟ್ಟು, ಅಮ್ಮ ಬಳೆ ಮಾರಿ ಕೊಟ್ಟ ಹಣ ಅವರ ಕೈಸೇರುತ್ತದೆ. ಕಾನೂನು ಸ್ಪಷ್ಟವಾಗಿದೆ. ಭಾರತದಲ್ಲಿ ನಾವಿಕರನ್ನು ನೇಮಿಸಿ ಕಳಿಸುವವರಿಗೆ ಹಡಗು ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು, ಮತ್ತು ಕೆಲಸ ಕೊಡಿಸಿದ್ದಕ್ಕಾಗಿ ಅವರು ನಿಮ್ಮಿಂದ ಶುಲ್ಕ ವಸೂಲು ಮಾಡುವಂತಿಲ್ಲ. ಪಾಸ್‌ಪೋರ್ಟ್, ನಾವಿಕರ ಪುಸ್ತಕ (ಇದನ್ನೂ ಸಿಡಿಸಿ ಎನ್ನುತ್ತಾರೆ, ಅಮೆರಿಕದ ರೋಗ ನಿಯಂತ್ರಣ ಕೇಂದ್ರವಲ್ಲ), ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಾ ತರಬೇತಿಗಳ ಖರ್ಚು ನಿಮ್ಮ ಪಾಲಿಗೆ ಬರಬಹುದು. ವೀಸಾ ಖರ್ಚು ಹಡಗಿನ ಮಾಲೀಕರದ್ದು. ಪರವಾನಗಿ ಸಂಖ್ಯೆ ಕೇಳಿದಾಗ ಮಾತು ತಿರುಗಿಸುವವರ ಕಚೇರಿಯಲ್ಲಿ ಒಂದು ಲೋಟ ಚಹಾ ಕೂಡ ಕುಡಿಯದೆ ಎದ್ದು ಬನ್ನಿ.

ಪುಣೆಯ ಕನ್ನಡದ ಹಿರಿಯರಿಗೂ ಇದರಲ್ಲಿ ಒಂದು ಪಾಲಿದೆ. ಇಲ್ಲಿ ಕನ್ನಡ ಸಂಘವಿದೆ, ಡಾ. ಶಾಮರಾವ್ ಕಲ್ಮಾಡಿ ಹೆಸರಿನ ಕನ್ನಡ ಶಾಲೆಯಿದೆ, ಸಭಾಂಗಣಗಳಿವೆ, ಹೋಟೆಲ್ ಉದ್ಯಮದಲ್ಲಿ ತಲೆಮಾರು ಕಳೆದ ಬಂಟರು, ಬ್ರಾಹ್ಮಣರು, ಬಿಲ್ಲವರು ಇದ್ದಾರೆ. ಮುಂಬಯಿಯಲ್ಲಿ ಒಂದು ಕಾಲಕ್ಕೆ ಹೋಟೆಲ್ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳನ್ನೇ ನಡೆಸಿದ ಸಮಾಜ ನಮ್ಮದು. ಎರಡು ಒಪ್ಪಂದಗಳ ನಡುವಿನ ರಜೆಯಲ್ಲಿ ಊರಿಗೆ ಬಂದಿರುವ ಹಡಗಿನ ಹುಡುಗರನ್ನು ಒಂದು ಶನಿವಾರ ಕರೆಸಿ, ಹೊರಡಲಿರುವವರ ಎದುರಿಗೆ ಕೂರಿಸುವುದು ಅಂಥ ದೊಡ್ಡ ಖರ್ಚಿನ ಕೆಲಸವಲ್ಲ. ಸಂಘಗಳು ಮುಂದಾಗದಿದ್ದರೆ ನೀವೇ ಹೋಗಿ ಕೇಳಿ. ಕಾಲೇಜಿನ ತರಬೇತಿಗೆ ಪಂಚತಾರಾ ಹೋಟೆಲನ್ನೇ ಹಿಡಿಯಬೇಕೆಂಬ ಹಟ ಬಿಟ್ಟು, ರಜೆಯ ಎರಡು ತಿಂಗಳು ಗಿಜಿಗುಡುವ ಯಾವುದಾದರೊಂದು ಉಡುಪಿ ಹೋಟೆಲಿನಲ್ಲಿ ಬಡಿಸುವ ಕೆಲಸ ಕೇಳಿ. ಕ್ಯಾಷ್ ಕೌಂಟರ್ ಬೇಡ, ಮೇಜೇ ಇರಲಿ.

ಸಂದರ್ಶನಕ್ಕೆ ಹೋದ ದಿನ ಅವರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ ಮೇಲೆ ನೀವೂ ನಾಲ್ಕು ಕೇಳಿ. ಮೂಲ ಸಂಬಳ ಎಷ್ಟು, ಗ್ರಾಚ್ಯುಟಿಯ ಪಾಲು ಎಷ್ಟು? ಒಪ್ಪಂದ ಎಷ್ಟು ತಿಂಗಳು, ಮರಳುವ ಟಿಕೆಟ್ ಯಾರದು? ಕಾಯಿಲೆ ಬಿದ್ದರೆ ಚಿಕಿತ್ಸೆ ಯಾರ ಖರ್ಚು? ಅಂಕ ಕಡಿಮೆ ಬಂದರೆ ಏನಾಗುತ್ತದೆ? ಉತ್ತರಗಳು ಒಪ್ಪಂದದ ಕಾಗದದಲ್ಲೂ ಹಾಗೆಯೇ ಇವೆಯೇ ಎಂದು ಸಾಲು ಸಾಲಾಗಿ ಓದಿ, ಆಮೇಲೆ ಸಹಿ ಹಾಕಿ, ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಟ್ಟು ಹೊರಡಿ.

ವಿಶ್ವಾಸದಿಂದ,
ಪುಣೆಯ ಒಬ್ಬ ಕನ್ನಡ ಬರಹಗಾರ